ಮೂರನೇ ಮಹಡಿಯೇ ಬೇಕೆಂದವಳು

ಕ್ಲೈವ್‌ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದ ಮೇಲೆ ಅವನೂ ಅವನ ಅಕ್ಕ ಗ್ಲೆನಿಸ್ ಟ್ಯಾಟ್ಲೊವೂ ಇದ್ದ ಮನೆ ಇದ್ದಕ್ಕಿದ್ದಂತೆ ಎತ್ತರವಾಗಿಬಿಟ್ಟಿತು. ಇಂಗ್ಲೆಂಡಿನ ಟನ್‌ಸ್ಟಲ್‌ನಲ್ಲಿ ಕೌನ್ಸಿಲ್, ಅಂದರೆ ನಗರಾಡಳಿತ, ಬಾಡಿಗೆಗೆ ಕೊಟ್ಟಿದ್ದ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಗೆ ಐವತ್ತೆರಡು ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕಾದ ದಿನ ಆಂಬ್ಯುಲೆನ್ಸಿನ ಇಬ್ಬರು ಬಂದು ಅವನನ್ನು ಕುರ್ಚಿಯ ಸಮೇತ ಹೊತ್ತು ಇಳಿಸುತ್ತಿದ್ದರು, ಸಂಜೆ ಹೊತ್ತು ಹತ್ತಿಸುತ್ತಿದ್ದರು. ಉಳಿದ ದಿನಗಳಲ್ಲಿ ಅವನು ಕಿಟಕಿಯ ಪಕ್ಕ ಕೂತು ಕೆಳಗೆ ನಿಂತ ಕಾರುಗಳನ್ನು ನೋಡುತ್ತಿದ್ದ. ಮೂವತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಪಾತ್ರೆ ಸುಡುವ ಗೂಡಿನ ಮುಂದೆ ಹತ್ತು ಜನರ ನಡುವೆ ಹರಟುತ್ತ ಕೆಲಸ ಮಾಡಿದ ಮನುಷ್ಯ. ಈಗ ಹರಟೆಗೆ ಅಕ್ಕ ಒಬ್ಬಳೇ. ಅವಳೋ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಶಾಲೆಯ ಅಡುಗೆಮನೆಯಲ್ಲಿ.

ಕೌನ್ಸಿಲ್‌ನವರನ್ನು ಕೇಳಿದರೆ ನೆಲಮಹಡಿಯ ಮನೆಗೆ ಕಾಯುವವರ ಪಟ್ಟಿ ಉದ್ದವಿದೆ, ಎರಡು ವರ್ಷವಾದರೂ ಆಗಬಹುದು ಎಂದರು. ಬೇಗ ಬೇಕಿದ್ದರೆ ಇನ್ನೊಬ್ಬ ಬಾಡಿಗೆದಾರರ ಜೊತೆ ಮನೆ ಬದಲಾಯಿಸಿಕೊಳ್ಳಿ, ಇಬ್ಬರೂ ಒಪ್ಪಿದರೆ ನಾವು ಪರಿಶೀಲಿಸಿ ಸಹಿ ಹಾಕುತ್ತೇವೆ ಎಂದರು. ಗ್ಲೆನಿಸ್ ಲೈಬ್ರರಿಯ ಹುಡುಗಿಯ ಸಹಾಯದಿಂದ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದಳು. ಐದು ತಿಂಗಳಲ್ಲಿ ಏಳು ಮಂದಿ ಬಂದರು. ನಾಲ್ವರು ಎರಡನೇ ಮಹಡಿಯಿಂದಲೇ ವಾಪಸಾದರು.

ಎಂಟನೆಯವಳಾಗಿ ಬಂದವಳು ಕೆರಿ ಬ್ಲೂರ್. ನಗರದ ಇನ್ನೊಂದು ತುದಿಯ ಲಾಂಗ್ಟನ್‌ನಲ್ಲಿ ನೆಲಮಹಡಿಯ ಮನೆ, ಮುಂದೆ ಸಣ್ಣ ಅಂಗಳ, ಆರು ವರ್ಷದ ಮಗಳು. ಬಂದವಳು ಅಡುಗೆಮನೆಯನ್ನು ಸರಿಯಾಗಿ ನೋಡಲೇ ಇಲ್ಲ. ಮೇಲೆ ಹತ್ತುವ ಮುಂಚೆ ಕೆಳಗಿನ ಬೀದಿಬಾಗಿಲನ್ನು ಎರಡು ಸಲ ಎಳೆದು, ತಳ್ಳಿ, ಬೀಗ ಕಚ್ಚಿಕೊಳ್ಳುವ ಸದ್ದು ಕೇಳಿಸಿಕೊಂಡಿದ್ದಳು.

"ಕೆಳಗಿನ ಬಾಗ್ಲು ಯಾವಾಗ್ಲೂ ಲಾಕ್ ಆಗೇ ಇರುತ್ತಾ?"

"ಮೇಲಿಂದ ಗುಂಡಿ ಒತ್ತದೆ ನೊಣ ಕೂಡ ಒಳಗೆ ಬರಲ್ಲ ಕಣಮ್ಮ" ಎಂದಳು ಗ್ಲೆನಿಸ್. "ಆದ್ರೆ ಮೆಟ್ಟಿಲು ಮಾತ್ರ ಸ್ವಲ್ಪ..."

"ಮೆಟ್ಟಿಲು ಪರವಾಗಿಲ್ಲ. ನಂಗೆ ಮೇಲಿನ ಮನೇನೇ ಬೇಕು."

ಕ್ಲೈವ್ ಕುರ್ಚಿಯಿಂದಲೇ ನಕ್ಕ. "ಈ ಮಹಡಿ ಬೇಕು ಅಂದವಳು ನೀನೊಬ್ಳೇ ನೋಡಮ್ಮ. ತಲೆ ನೆಟ್ಟಗಿದೆ ತಾನೆ?"

ಕೆರಿ ನಗಲಿಲ್ಲ.

ಮುಂದಿನ ಶನಿವಾರ ಗ್ಲೆನಿಸ್ ಲಾಂಗ್ಟನ್‌ಗೆ ಹೋಗಿ ಅವಳ ಮನೆ ನೋಡಿದಳು. ಬಾಗಿಲು ಅಗಲವಾಗಿತ್ತು, ಗಾಲಿಕುರ್ಚಿ ಸಲೀಸಾಗಿ ದಾಟುವಂತಿತ್ತು. ಹೊಸ್ತಿಲೇ ಇಲ್ಲ. ಹಾಡುಹಗಲಲ್ಲಿ ಪರದೆಗಳೆಲ್ಲ ಮುಚ್ಚಿದ್ದವು. ಬಾಗಿಲಲ್ಲಿ ಕಾಗದ ಹಾಕುವ ಸೀಳನ್ನು ಒಳಗಿನಿಂದ ಅಗಲವಾದ ಟೇಪು ಅಂಟಿಸಿ ಭದ್ರ ಮಾಡಿದ್ದರು. ಗ್ಲೆನಿಸ್ ಅದನ್ನು ನೋಡಿದಳು. ಇವಳು ಯಾರಿಗೋ ಹೆದರಿದ್ದಾಳೆಂದು ಅರ್ಥವೂ ಆಯಿತು. ಕೇಳಿದರೆ ಕೆರಿ ಹೇಳಬೇಕಾಗುತ್ತದೆ, ಹೇಳಿದರೆ ತಾನು ಯೋಚಿಸಬೇಕಾಗುತ್ತದೆ, ಯೋಚಿಸಿದರೆ ಈ ಮನೆ ಕೈತಪ್ಪುತ್ತದೆ. "ಬಿಸಿಲು ಚೆನ್ನಾಗಿ ಬರುತ್ತಲ್ವಾ?" ಎಂದಷ್ಟೇ ಕೇಳಿದಳು.

ಕೌನ್ಸಿಲ್‌ನವರು ಎರಡೂ ಮನೆಗಳಿಗೆ ಬಂದು ಗ್ಯಾಸು, ಕರೆಂಟು ಪರೀಕ್ಷಿಸಿದರು. ಆರನೇ ವಾರಕ್ಕೆ ಒಪ್ಪಿಗೆಯ ಕಾಗದ ಬಂತು. ಮನೆ ಬದಲಾಯಿಸಿದ ದಿನ ಕೀಲಿ ಕೊಡುವಾಗ ಕೆರಿ ಗ್ಲೆನಿಸ್‌ಳನ್ನು ಪಕ್ಕಕ್ಕೆ ಕರೆದಳು.

"ಯಾರಾದ್ರೂ ನನ್ನ ಕೇಳ್ಕೊಂಡು ಬಂದ್ರೆ ಗೊತ್ತಿಲ್ಲ ಅನ್ನಿ. ಯಾರೇ ಆಗ್ಲಿ."

"ಗಂಡನಾ?"

"ಆಗಿದ್ದ. ಕೋರ್ಟಿನ ಆದೇಶ ಇದೆ, ನನ್ನ ಹತ್ರ ಸುಳಿಯೋ ಹಾಗಿಲ್ಲ. ಆದ್ರೂ ಬರ್ತಾನೆ."

"ಆಯ್ತು ಮರೀ. ನಂಗೇನೂ ಗೊತ್ತಿಲ್ಲ."

ಈ ಮಾತನ್ನು ಅವಳು ಕ್ಲೈವ್‌ಗೆ ತಿಳಿಸಲಿಲ್ಲ. ತಿಳಿಸಿದರೆ, ಇಂಥ ಮನೆಗೆ ಯಾಕೆ ತಂದು ಹಾಕಿದೆ ಎನ್ನುತ್ತಾನೆ. ಎಂಟು ತಿಂಗಳು ಮನೆಯೊಳಗೇ ಕಳೆದವನು ಮೊದಲ ಸಲ ಅಂಗಳಕ್ಕೆ ಬಂದು ಮುಖಕ್ಕೆ ಗಾಳಿ ತಗುಲಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದನ್ನು ಅವಳು ನೋಡಿದ್ದಳು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಹೊಸ ಮನೆಗೆ ಬಂದ ಮೂರನೇ ವಾರ, ಒಂದು ಭಾನುವಾರ, ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯಿದ್ದ ಒಬ್ಬ ಬಾಗಿಲು ತಟ್ಟಿದ. ಕೈಯಲ್ಲಿ ಮಕ್ಕಳ ಗುಲಾಬಿ ಸೈಕಲ್ಲು. ತುಂಬ ಮರ್ಯಾದೆಯಿಂದ ಕೇಳಿದ: "ಕೆರಿ ಇದಾಳಾ?"

"ಯಾವ ಕೆರಿ? ಕೌನ್ಸಿಲ್‌ನವರು ಖಾಲಿ ಮನೆ ಅಂತ ಕೊಟ್ರು, ನಾವು ಬಂದ್ವಿ" ಎಂದಳು ಗ್ಲೆನಿಸ್. ಅವನು ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಹೋದ. ಕ್ಲೈವ್ ಒಳಗೆ ನಿದ್ದೆ ಮಾಡುತ್ತಿದ್ದ.

ಆಮೇಲಿನ ದಿನಗಳಲ್ಲಿ ಕ್ಲೈವ್‌ನ ಬಾಯಲ್ಲಿ ಹೊಸ ಗೆಳೆಯನೊಬ್ಬನ ಸುದ್ದಿ ಬರತೊಡಗಿತು. ಪಕ್ಕದ ಬೀದಿಯವನಂತೆ. ಬೆಳಿಗ್ಗೆ ಹೋಗುವಾಗ ಗೇಟಿನ ಹತ್ತಿರ ನಿಂತು ಪತ್ರಿಕೆ ಕೊಡುತ್ತಾನಂತೆ, ಫುಟ್‌ಬಾಲ್ ಮಾತಾಡುತ್ತಾನಂತೆ. ಒಂದು ದಿನ ದೋಸೆಯಂಥ ಬಿಸಿ ಓಟ್‌ಕೇಕಿನಲ್ಲಿ ಚೀಸು ಸುತ್ತಿಸಿಕೊಂಡು ಬಂದಿದ್ದನಂತೆ, ಇಬ್ಬರೂ ಅಂಗಳದಲ್ಲೇ ತಿಂದರಂತೆ. ತಮ್ಮನಿಗೆ ಜೊತೆ ಸಿಕ್ಕಿತೆಂದು ಗ್ಲೆನಿಸ್‌ಗೆ ಸಮಾಧಾನವಾಯಿತು. ಹೆಸರು ಕೇಳಬೇಕೆಂದು ಅವಳಿಗೆ ತೋಚಲಿಲ್ಲ.

ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬಂದು ಕೋಟು ಬಿಚ್ಚುತ್ತಿದ್ದಾಗ ಕ್ಲೈವ್ ಹೇಳಿದ: "ಕ್ರೇಗ್ ಈಗ ತಾನೆ ಹೋದ. ಇನ್ನೊಂದೈದು ನಿಮಿಷ ಮುಂಚೆ ಬಂದಿದ್ರೆ ಸಿಕ್ತಿದ್ದ. ನಮ್ಮ ಹಳೇ ಮನೆ ವಿಷಯ ಕೇಳ್ತಿದ್ದ. ಐವತ್ತೆರಡು ಮೆಟ್ಲು ಅಂದ್ರೆ ನಂಬೋದೇ ಇಲ್ಲ ಅಂತಾನೆ."

ಗ್ಲೆನಿಸ್‌ಳ ಕೈ ಕೋಟಿನ ತೋಳಿನೊಳಗೇ ನಿಂತಿತು. "ನೋಡೋಕೆ ಹೇಗಿದಾನೆ?"

"ಹೇಗಿದಾನೆ ಅಂದ್ರೆ? ಗಟ್ಟಿ ಆಳು. ಹುಬ್ಬಿನ ಮೇಲೊಂದು ಗಾಯ."

"ಎಲ್ಲಿ ಅಂತ ಹೇಳಿದ್ಯಾ?"

"ಟನ್‌ಸ್ಟಲ್ ಅಂದೆ. ಚರ್ಚ್ ಹಿಂದಿನ ಕಟ್ಟಡ, ಮೇಲಿನ ಮನೆ. ಇಲ್ಲಿದ್ದ ಹುಡುಗೀನೇ ಅಲ್ಲಿಗೆ ಹೋದ್ಲು ಅಂದೆ. ಯಾಕೆ?"

ಅವಳು ಹೇಳಿದಳು. ನಿಂತಲ್ಲೇ, ನಾಲ್ಕು ಮಾತಿನಲ್ಲಿ.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

ಗ್ಲೆನಿಸ್ ಮೊದಲು ಪೊಲೀಸರಿಗೆ ಫೋನ್ ಮಾಡಿದಳು. ಕೆರಿಗೆ ಮಾಡಿದಳು, ಎತ್ತಲಿಲ್ಲ, ಕೆಲಸದಲ್ಲಿರಬೇಕು. ಆಮೇಲೆ, ಬೇರೆ ದಾರಿ ಕಾಣದೆ, ಹಳೆಯ ಕಟ್ಟಡದ ನೆಲಮಹಡಿಯ ಮಿಸೆಸ್ ಮೇಚಿನ್‌ಗೆ ಮಾಡಿದಳು. ಕಸದ ಡಬ್ಬಿ ಇಡುವ ಜಾಗಕ್ಕಾಗಿ ಜಗಳವಾಡಿ ಅವರಿಬ್ಬರಿಗೂ ಹನ್ನೊಂದು ವರ್ಷ ಮಾತಿರಲಿಲ್ಲ.

"ನಾನು ಗ್ಲೆನಿಸ್. ಒಬ್ಬ ಬರ್ತಾನೆ. ಏನೇ ಹೇಳ್ಲಿ, ಬಾಗಿಲು ತೆಗೀಬೇಡಿ."

"ನಾನು ಯಾರಿಗೆ ಯಾವತ್ತು ತೆಗೆದಿದೀನಿ? ನಿಂಗೇ ತೆಗೀತಿರ್ಲಿಲ್ಲ."

"ಈ ಹೊತ್ತು ಜಗಳ ಬೇಡ. ಮೇಲಿರೋ ಹುಡುಗೀಗೆ ಅವನು ಹೊಡೀತಿದ್ದ."

"ಹಂಗೋ. ಬರ್ಲಿ ಬಿಡು" ಎಂದು ಮುದುಕಿ ಫೋನ್ ಇಟ್ಟಳು.

ಗ್ಲೆನಿಸ್ ಟನ್‌ಸ್ಟಲ್‌ನಲ್ಲಿ ಬಸ್ಸಿಳಿದು ಚರ್ಚಿನ ತಿರುವು ದಾಟಿದಾಗ ಕ್ರೇಗ್ ಕಟ್ಟಡದ ಬೀದಿಬಾಗಿಲಲ್ಲಿದ್ದ. ಒಂದೊಂದಾಗಿ ಎಲ್ಲ ಮನೆಗಳ ಕರೆಗಂಟೆಯ ಗುಂಡಿ ಒತ್ತುತ್ತಿದ್ದ. ಮಿಸೆಸ್ ಮೇಚಿನ್ ತನ್ನ ಕಿಟಕಿಯನ್ನು ಒಂದು ಗೇಣು ತೆರೆದು, ಕಿವಿಗೆ ಕೈ ಹಿಡಿದು ನಿಂತಿದ್ದಳು.

"ಯಾರು? ಗ್ಯಾಸ್‌ನವರಾ?"

"ಅಲ್ಲ ಅಜ್ಜಿ, ನನ್ನ ಮಗಳನ್ನ ನೋಡ್ಬೇಕು. ಮೇಲಿದಾಳೆ."

"ನೀರಿನ ಪೈಪಾ? ಹೋದ ವಾರಾನೇ ಬಂದು ಸರಿ ಮಾಡಿದ್ರಲ್ಲ."

"ಮಗಳು! ಮ-ಗ-ಳು!"

"ನಂಗೆ ಮಗಳಿಲ್ಲಪ್ಪ. ಇಬ್ರೂ ಗಂಡುಮಕ್ಳು. ದೊಡ್ಡೋನು ಕ್ರೂ ಪಟ್ಟಣದಲ್ಲಿದಾನೆ."

ಅವಳ ಕಿವಿ ಬೆಕ್ಕಿನ ಕಿವಿಯಷ್ಟು ಚುರುಕು. ಇಪ್ಪತ್ತು ನಿಮಿಷ ಅವನನ್ನು ಹೀಗೆ ಆಡಿಸಿದಳೆಂದು ಆಮೇಲೆ ತಿಳಿಯಿತು. ಅವನು ತಾಳ್ಮೆಗೆಟ್ಟು ಬಾಗಿಲಿಗೆ ಒದ್ದಾಗ ಪೊಲೀಸರ ಕಾರು ಬಂತು. ಅವರ ಮುಂದೆ ಅವನ ದನಿ ಮತ್ತೆ ಮೆತ್ತಗಾಯಿತು. ಕಾರಿನಲ್ಲಿ ಕೂರುವ ಮುಂಚೆ ಗ್ಲೆನಿಸ್‌ಳನ್ನು ಕಂಡು, "ನಾನು ಕೇಳ್ದೆ ಅಂತ ಕ್ಲೈವ್‌ಗೆ ಹೇಳಿ" ಎಂದ. ವ್ಯಂಗ್ಯವೋ ನಿಜವೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಅವಳು ನೇರ ಮಗುವಿನ ಶಾಲೆಗೆ ನಡೆದಳು. ಗೇಟಿನಲ್ಲಿ ಕೆರಿ ಬರುವುದನ್ನು ಕಾದು, ಆದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದಳು. ಟೇಪು ಅಂಟಿಸಿದ ಬಾಗಿಲನ್ನು ನೋಡಿಯೂ ಕೇಳದೆ ಇದ್ದದ್ದನ್ನು ಸಹ.

"ನಂಗೆ ಸಿಟ್ಟು ಬಂದಿದೆ" ಎಂದಳು ಕೆರಿ. "ನಿಮ್ಮ ಮೇಲೆ, ನಿಮ್ಮ ತಮ್ಮನ ಮೇಲೆ. ನಾನೂ ಸರಿಯಾಗಿ ಹೇಳಿರ್ಲಿಲ್ಲ. ಹೇಳಿದ್ರೆ ನೀವು ಮನೆ ಬದಲಾಯಿಸ್ಕೊಳ್ಳಲ್ಲ ಅಂತ ಭಯ ಇತ್ತು."

"ಬದಲಾಯಿಸ್ಕೊಳ್ತಾ ಇರ್ಲಿಲ್ಲವೇನೋ" ಎಂದಳು ಗ್ಲೆನಿಸ್.

ಮರುದಿನ ಪೊಲೀಸರು ಕ್ಲೈವ್‌ನ ಹೇಳಿಕೆ ಬರೆದುಕೊಳ್ಳಲು ಬಂದರು. ಕ್ರೇಗ್ ಬಂದ ದಿನಗಳು, ಆಡಿದ ಮಾತು, ತಂದ ತಿಂಡಿ ಎಲ್ಲವನ್ನೂ ಅವನು ನೆನಪಿಟ್ಟುಕೊಂಡಿದ್ದ. ಅಷ್ಟು ವಿವರವಾಗಿ ಯಾಕೆ ನೆನಪಿದೆ ಎಂದು ಅವರು ಕೇಳಿದರೆ, "ಬೇರೆ ಯಾರೂ ಬರ್ತಿರ್ಲಿಲ್ಲವಲ್ಲ" ಎಂದ. ಕ್ರೇಗ್‌ಗೆ ಕೋರ್ಟಿನ ಆದೇಶ ಮುರಿದದ್ದಕ್ಕೆ ನಾಲ್ಕು ತಿಂಗಳು ಜೈಲಾಯಿತು.

ಕ್ಲೈವ್ ಎರಡು ವಾರ ಅಂಗಳಕ್ಕೆ ಹೋಗಲಿಲ್ಲ. ಅಕ್ಕನ ಜೊತೆ ಬೇಕಾದಷ್ಟೇ ಮಾತು. ಒಂದು ದಿನ ಊಟದ ನಡುವೆ ತಾನಾಗಿಯೇ ಹೇಳಿದ: "ಅವನ ಹತ್ರ ಮಾತಾಡೋಕೆ ಖುಷಿಯಾಗ್ತಿತ್ತು ಕಣೇ ಗ್ಲೆನಿಸ್. ಈಗಲೂ ಆ ಖುಷಿ ಸುಳ್ಳು ಅನ್ನಿಸಲ್ಲ. ಅದೇ ನಂಗೆ ಅಸಹ್ಯ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ನಿಂಗೆ ಮೊದ್ಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದು." ಅರವತ್ತೊಂದು ವರ್ಷದಲ್ಲಿ ತಮ್ಮನ ಮುಂದೆ ಅವಳು ಹೀಗೆ ಅಂದದ್ದು ಅದೇ ಮೊದಲು. ಅವನು ತಲೆಯಾಡಿಸಿ, ಉಳಿದ ಆಲೂಗಡ್ಡೆಯನ್ನು ಅವಳ ಕಡೆಗೆ ನೂಕಿದ.

ಫೆಬ್ರವರಿಯಲ್ಲಿ ಕೆರಿ, ಕ್ರೇಗ್‌ಗೆ ಗೊತ್ತಾಗಿಹೋದ ಆ ಮನೆಯನ್ನು ಮತ್ತೆ ಬದಲಿಗೆ ಹಾಕಿದಳು. ಆಶ್ಚರ್ಯವೆಂದರೆ ಒಂದೇ ತಿಂಗಳಲ್ಲಿ ದೂರದ ಊರಿನಿಂದ ಒಂದು ಜೋಡಿ ಒಪ್ಪಿಕೊಂಡಿತು. ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದವರು, ಮೆಟ್ಟಿಲನ್ನು ಲೆಕ್ಕಕ್ಕೇ ಇಡದ ವಯಸ್ಸು. ಹೊರಡುವ ದಿನ ಕೆರಿ ಫೋನ್ ಮಾಡಿ, "ಡಬ್ಬ ಇಳಿಸೋಕೆ ಯಾರೂ ಇಲ್ಲ, ಬರ್ತೀರಾ?" ಎಂದು ಕೇಳಿದಳು.

ಗ್ಲೆನಿಸ್ ಹೋದಳು. ಮಿಸೆಸ್ ಮೇಚಿನ್ ಬೀದಿಬಾಗಿಲನ್ನು ಕುರ್ಚಿಯಿಟ್ಟು ತೆರೆದು, ಅದೇ ಕುರ್ಚಿಯಲ್ಲಿ ಕೂತು, ಯಾವ ಡಬ್ಬ ಎಲ್ಲಿಡಬೇಕೆಂದು ಅಪ್ಪಣೆ ಕೊಡುತ್ತಿದ್ದಳು. ಗ್ಲೆನಿಸ್‌ಳೂ ಕೆರಿಯೂ ಒಂಬತ್ತು ಸಲ ಹತ್ತಿ ಇಳಿದರು. ವ್ಯಾನು ತುಂಬಿದ ಮೇಲೆ ಕೆರಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಎಲ್ಲಿಗೆ ಎಂದು ಗ್ಲೆನಿಸ್ ಕೇಳಲಿಲ್ಲ. ಕೆರಿ ಅವಳ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟು, ವ್ಯಾನು ಹತ್ತಿದಳು.