ಹಸಿರು ಗುಂಡಿ

ನಾನು ಒಂದು ಸರ್ವರ್. ಕಪ್ಪು ತಗಡಿನ ಮೈ, ಒಳಗೆ ನಾಲ್ಕು ಫ್ಯಾನು, ಒಂದು ದೊಡ್ಡ ಡಿಸ್ಕು. ಯಾವುದೋ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಹೆಣ್ಣುಮಕ್ಕಳು ನನ್ನ ತಿರುಪು ಬಿಗಿದು ಲೋಕಕ್ಕೆ ಕಳಿಸಿದರು. ಆರು ವರ್ಷ ಒಂದು ಕಾಲೇಜಿನ ಅಂಕಪಟ್ಟಿಗಳನ್ನು ಕಾದೆ. ಅಲ್ಲಿಗೆ ಹೊಸ ಯಂತ್ರ ಬಂದಾಗ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ನನ್ನನ್ನು ಕೊಂಡಿತು.

ಒಂದೇ ಮನೆಗೆ ಗೋಡೆ ಹಾಕಿ ಹತ್ತು ಬಾಡಿಗೆ ಮನೆ ಮಾಡುವಂತೆ, ಇಲ್ಲಿ ನನ್ನೊಳಗೆ ಹತ್ತು ಕಂಪ್ಯೂಟರುಗಳನ್ನು ಕೂರಿಸಿದರು. ವರ್ಚುವಲ್ ಮಶೀನು ಎನ್ನುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರನ್ನೇ ಇವರು ಮಾಡಿ ಮಾರುವುದು. ತೆರೆಯ ಮೇಲೆ ಎಲ್ಲಿ ಯಾವ ಗುಂಡಿ ಇರಬೇಕೆಂದು ಯೋಚಿಸಿ ಚಿತ್ರಿಸುವವರು ಶಾಂಭವಿ ಅಂಗಡಿ ಎಂಬಾಕೆ. ನನ್ನ ಜಾಗ ಅವರ ಮೇಜಿನ ಕೆಳಗೆ. ನಾನು ಬಲ್ಲದ್ದು ಅವರ ಪಾದಗಳನ್ನು ಮಾತ್ರ. ಸಿಟ್ಟು ಬಂದರೆ ಎಡಗಾಲಿನ ಚಪ್ಪಲಿ ಕಳಚುತ್ತಿತ್ತು. ಆ ವರ್ಷ ಅದು ಕಾಲಲ್ಲಿ ನಿಂತದ್ದೇ ಕಡಿಮೆ.

“ಗಿರಾಕಿಗೆ ಎರಡೆರಡು ಗುಂಡಿ ಕೊಟ್ರ ತಲಿ ತಿರಗೂದಿಲ್ಲೇನ್ರಿ?” ಎಂದರು ಮಾಲೀಕರಾದ ಜಯತೀರ್ಥ. “ಒಂದ ಹಸಿರು ಗುಂಡಿ ಇಡ್ರಿ. ‘ಸುರಕ್ಷಿತ’ ಅಂತ ಬರೀರಿ, ಮುಗೀತು.”

“ಸ್ನಾಪ್‌ಶಾಟ್ ಬ್ಯಾರೆ, ಬ್ಯಾಕಪ್ ಬ್ಯಾರೆರಿ ಸರ್. ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗತದ. ಸ್ನಾಪ್‌ಶಾಟ್ ಅಂದ್ರ ಹಸಿರು ಗುಂಡಿ ತಗಿಯೂ ನಕಲು; ಅದು ಅದ ಡಿಸ್ಕಿನಾಗ ಕುಂದರತದ. ಮನಿ ಕೀಲಿಗೆ ಇನ್ನೊಂದು ಕೀಲಿ ಮಾಡಿಸಿ, ಅದನ್ನೂ ಮನಿಯೊಳಗ ಇಟ್ಟು ಹೊಂಟಂಗ ಆತು.”

“ಆಫೀಸಿಗೆ ಬಂದ್ರೂ ನಿಮ್ಮ ತಲ್ಯಾಗ ಮನೀನ ನೋಡ್ರಿ!” ಸುತ್ತ ನಗು ಎದ್ದಿತು. ಚಪ್ಪಲಿ ನನ್ನ ಮೈಗೆ ಬಂದು ಬಡಿಯಿತು.

ಕಡೆಗೆ ಜಯತೀರ್ಥರು ಒಂದು ಅವಕಾಶ ಕೊಟ್ಟರು. ದಸರೆ ಮುಗಿದ ಸೋಮವಾರ ಒಂದು ದೊಡ್ಡ ಆಸ್ಪತ್ರೆಯವರು ಸಾಫ್ಟ್‌ವೇರ್ ನೋಡಲು ಬರುತ್ತಾರೆ. “ನಿಮ್ಮ ಎರಡು ಗುಂಡಿನೂ ಮಾಡಿ ತೋರಸ್ರಿ. ಅವರು ಒಪ್ಪಿದ್ರ ನಿಮ್ಮದ, ಇಲ್ಲಂದ್ರ ಹಸಿರು.” ಶಾಂಭವಿ ಮೂರು ವಾರ ಕೂತು ತೆರೆಗಳನ್ನೆಲ್ಲ ಹೊಸದಾಗಿ ಬರೆದರು. ಎಲ್ಲವೂ ನನ್ನೊಳಗೇ ಇತ್ತು.

ಆಯುಧಪೂಜೆ ಬಂತು. ಈ ಆಫೀಸಿನಲ್ಲಿ ಅಂದು ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ಕುಂಕುಮ ಹಚ್ಚುತ್ತಾರೆ. ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನನ್ನ ಡಿಸ್ಕು ತಿಂಗಳಿಂದ ಕಿರುಗುಟ್ಟುತ್ತಿತ್ತು. ಓಡುತ್ತಿರುವಷ್ಟು ದಿನ ಓಡುತ್ತೇನೆ, ನಿಂತರೆ ಏಳಲಾರೆ ಎಂದು ನನಗೆ ಗೊತ್ತಿತ್ತು. ಹೇಳುವುದು ಯಾರಿಗೆ, ಯಾವ ಬಾಯಿಂದ? ಶಾಂಭವಿ ಬ್ಯಾಕಪ್ಪಿಗೆಂದು ಬೇರೊಂದು ಡಿಸ್ಕು ತಂದು ನನಗೆ ಸಿಕ್ಕಿಸಲು ಮೇಜಿನ ಕೆಳಗೆ ಕೈ ಚಾಚಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಕೂಗು: “ಮೇಡಂ, ಬರ್ರಿ! ಆರತಿ ತಟ್ಟಿ ಹಿಡಿಯಾಕ ಹೆಣ್ಣಮಕ್ಕಳು ಬೇಕಲ್ಲ. ಕೋಸಂಬರಿನೂ ಕಲಸೂದದ.” ಪಾದಗಳು ಒಂದು ಕ್ಷಣ ಅಲ್ಲೇ ನಿಂತವು. ಆಮೇಲೆ ಅವರೂ, ಜಯತೀರ್ಥರು ಆಗಲೇ ಹಾಕಿಸಿದ್ದ ಹಸಿರು ಗುಂಡಿಯನ್ನೇ ಒತ್ತಿ, ನನ್ನನ್ನು ಆರಿಸಿ ಹೋದರು.

ಮರುದಿನ ನಾನು ಏಳಲಿಲ್ಲ. ಮೂರು ವಾರದ ಚಿತ್ರಗಳೂ, ಅವುಗಳ ಸ್ನಾಪ್‌ಶಾಟೂ ಒಟ್ಟಿಗೇ ಹೋದವು.

“ಉಳಿದವರದು ಬಿಡ್ರಿ,” ಎಂದರು ಜಯತೀರ್ಥ. “ಎಲ್ಲಾ ಗೊತ್ತಿದ್ದಾಕಿ ನೀವು. ನೀವರ ನಕಲು ಇಡಬೇಕಿತ್ತಿಲ್ರಿ?” ಕೋಸಂಬರಿ ಕಲಸಿದವರು ಯಾರೆಂದು ಶಾಂಭವಿ ಕೇಳಬಹುದಿತ್ತು. ಚಪ್ಪಲಿಯೊಳಗೆ ಬೆರಳುಗಳು ಮಡಚಿಕೊಂಡೇ ಇದ್ದವು.

ಸೋಮವಾರ ಆಸ್ಪತ್ರೆಯವರು ಬಂದರು. ತೋರಿಸಲು ಶಾಂಭವಿಯ ಬಳಿ ಒಂದು ಚಿತ್ರವೂ ಇರಲಿಲ್ಲ. ಅವರು ಬಗ್ಗಿ, ಕುಂಕುಮ ಇನ್ನೂ ಮಾಸದ ನನ್ನನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟರು. ಆಗಲೇ ನಾನು ಅವರ ಮುಖ ನೋಡಿದ್ದು. ದಣಿದ ಮುಖ, ಆದರೆ ಕಣ್ಣು ಯಾರಿಂದಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

“ಇದು ಸತ್ತದರಿ. ಇದರಾಗಿನ ಕೆಲಸಕ್ಕ ಹಸಿರು ಗುಂಡಿ ಒತ್ತಿದ್ವಿ. ಏನೂ ಉಳೀಲಿಲ್ಲ.”

“ಯಾರು ಒತ್ತಿದ್ದು?” ಆಸ್ಪತ್ರೆಯ ಹಿರಿಯ ವೈದ್ಯೆ ಕೇಳಿದರು.

“ನಾನ ರೀ.”

“ಗೊತ್ತಿದ್ದೂನಾ?”

“ಗೊತ್ತಿದ್ದೂ. ಅವಸರ ಇತ್ತು, ಹಸಿರು ಇತ್ತು, ‘ಸುರಕ್ಷಿತ’ ಅಂತ ಬರದಿತ್ತು. ನಿಮ್ಮ ನರ್ಸಮ್ಮಗ ಅವಸರ ಇರೂದಿಲ್ಲೇನ್ರಿ?”

ಆಸ್ಪತ್ರೆಯವರು ಒಪ್ಪಿದರು, ಎರಡು ಗುಂಡಿಗಳಾದವು. ಜಯತೀರ್ಥರು ಅದನ್ನು ತಮ್ಮ ಕಂಪನಿಯ ಹಳೆಯ ನಂಬಿಕೆ ಎಂದು ಹೇಳಿಕೊಂಡು ತಿರುಗುತ್ತಾರೆ. ಹರಿದ ಕುರ್ಚಿಗಳ ನಡುವೆ, ಉಗ್ರಾಣದ ಮೂಲೆಯಲ್ಲಿ ಧೂಳು ಕುಡಿಯುತ್ತ ನಾನು ಅದನ್ನು ಕೇಳಿಸಿಕೊಳ್ಳುತ್ತೇನೆ. ಸರಿಯಾದ ಮಾತು ಹೇಳಿದಾಗ ಆಕೆಯನ್ನು ಯಾರೂ ನಂಬಲಿಲ್ಲ; ತಪ್ಪು ಮಾಡಿದೆನೆಂದು ಒಪ್ಪಿಕೊಂಡ ಮೇಲೆ ನಂಬಿದರು. ಈ ಲೆಕ್ಕ ಯಂತ್ರವಾದ ನನಗೆ ಇಂದಿಗೂ ಬಿಡಿಸಲಾಗಿಲ್ಲ.