ಉತ್ತರ ಬಂದರೆ ಚಿಹ್ನೆ

ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಒಬ್ಬ ಹಿರಿಯರು, ಒಬ್ಬ ಯುವತಿ ಎದುರುಬದುರು ಕೂತು ಶಾಲೆಗಳ ಇಂಗ್ಲಿಷ್ ಅಭ್ಯಾಸಪುಸ್ತಕಗಳ ಕರಡು ತಿದ್ದುತ್ತಿದ್ದರು. ಅವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಅವಳು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಆಡಿಸುವುದು. ಓದುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪುಣ್ಯಾತ್ಮ ಒಂದು ದಿನವೂ ಪಾಠ ಹೇಳಿದವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡಿದ್ದಕ್ಕೆ ಸಿಕ್ಕ ಬಿರುದು ಅದು.

ಹೊಸದರಲ್ಲಿ ಅವಳು ಪ್ರಶ್ನಾರ್ಥಕ ಚಿಹ್ನೆಯ ಹತ್ತಿರ ಬಂದು ಎಡವುತ್ತಿದ್ದಳು. ವೇರ್, ವೈ ಎಂಬ ಪದ ಕಂಡರೆ ಸಾಕು, ವಾಕ್ಯದ ಕೊನೆಗೊಂದು ಕೊಕ್ಕೆ ಎಳೆದುಬಿಡುತ್ತಿದ್ದಳು. ಆಗ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು.

"ನಾನು ಓದ್ತೀನಿ. ಉತ್ತರ ಕೊಡೋ ಹಾಗಿದ್ರೆ ಬಾಯಿಬಿಟ್ಟು ಕೊಡು, ಅಲ್ಲಿ ಚಿಹ್ನೆ ಬೇಕು. 'ಅವನು ಎಲ್ಲಿಗೆ ಹೋದ ಅಂತ ನಾನು ಕೇಳಿದೆ' ಅಂದ್ರೆ ನೀನೇನು ಉತ್ತರ ಕೊಡ್ತೀಯ? ಅದು ಬರೀ ಸುದ್ದಿ. ಫುಲ್‌ಸ್ಟಾಪ್ ಇಟ್ಟು ಮುಂದೆ ಹೋಗು."

ಅಂದಿನಿಂದ ಅವಳು ಉತ್ತರ ಕೊಡತೊಡಗಿದಳು. ಚೆನ್ನಾಗಿ ನಿದ್ದೆ ಬಂತೇ ಎಂದು ಅವರು ಇಂಗ್ಲಿಷಿನಲ್ಲಿ ಓದಿದರೆ "ಇಲ್ಲ ಮೇಷ್ಟ್ರೇ, ಸೊಳ್ಳೆ ಕಾಟ" ಎನ್ನುವಳು. ಯಾಕೆ ಅಳುತ್ತಿದ್ದೀಯ ಎಂದರೆ ಅದಕ್ಕೂ ನಿಜವನ್ನೇ ಹೇಳುವಳು. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಕೆಟ್ಟವಳೇನಲ್ಲ, ಆದರೆ ಅವಳ ಮಾತೆಲ್ಲ ಗ್ಯಾಸ್ ಆರಿಸು, ಬಾಗಿಲು ಹಾಕು ಎಂಬಲ್ಲಿಗೆ ಮುಗಿಯುತ್ತಿತ್ತು. ಇಡೀ ಲೋಕದಲ್ಲಿ ಇವಳನ್ನು ಹೇಗಿದ್ದೀಯ ಎಂದು ಕೇಳುತ್ತಿದ್ದುದು ಐದನೇ ತರಗತಿಯ ಪುಸ್ತಕವೊಂದೇ.

ಈಗ ಅದಕ್ಕೂ ಕಲ್ಲು ಬಿತ್ತು. ನಾಳೆಯಿಂದ ಕರಡನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದಂತೆ. ಅವಳಿಗೆ ಪ್ಯಾಕಿಂಗ್ ವಿಭಾಗ, ಮೇಷ್ಟ್ರಿಗೆ ನಿವೃತ್ತಿ. ಇನ್ನು ನನ್ನನ್ನು ಕೇಳುವವರು ಯಾರು ಎಂದು ಬೆಳಗಿನಿಂದ ಅವಳಿಗೆ ಅದೇ ಯೋಚನೆ.

ಮಧ್ಯಾಹ್ನದ ಹೊತ್ತಿಗೆ ಓದಿ ಓದಿ ಮೇಷ್ಟ್ರ ಗಂಟಲು ಕಟ್ಟಿತು. "ಕೊಡಿ ಇಲ್ಲಿ, ಇವತ್ತು ನಾನೇ ಓದ್ತೀನಿ" ಎಂದು ಅವಳು ಪ್ರತಿ ಕಿತ್ತುಕೊಂಡು, ಪೆನ್ಸಿಲನ್ನು ಅವರ ಕೈಗೆ ಕೊಟ್ಟಳು.

ನಿನಗೆ ತಮ್ಮ ಇದ್ದಾನೆಯೇ ಎಂದಿತ್ತು ಪಾಠದಲ್ಲಿ.

"ಇದ್ದ," ಎಂದರು ಮೇಷ್ಟ್ರು.

ನಿನಗೆ ಅಡುಗೆ ಮಾಡುವವರು ಯಾರು?

"ನಾನೇ. ಅನ್ನ ತಳ ಹಿಡಿಯುತ್ತೆ."

ಮನೆಯಲ್ಲಿ ನಿನಗಾಗಿ ಯಾರು ಕಾಯುತ್ತಿದ್ದಾರೆ?

"ಯಾರೂ ಇಲ್ಲ," ಎಂದು ಅವರು ಮುಂದಿನ ಸಾಲಿಗೆ ಪೆನ್ಸಿಲ್ ಒಯ್ದರು.

ಅವಳು ಪ್ರತಿಯನ್ನು ಕೆಳಗಿಟ್ಟಳು. ಇಷ್ಟು ವರ್ಷ ತನ್ನ ಗೋಳನ್ನೆಲ್ಲ ಈ ಮನುಷ್ಯನ ಮುಂದೆ ಸುರಿದಿದ್ದಳು, ತಿರುಗಿ ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ನಾಳೆಯಿಂದ ಯಾರ ಹತ್ರ ಮಾತಾಡ್ತೀರಿ ಮೇಷ್ಟ್ರೇ?"

ಅವರು ಹಾಳೆಯ ಮೇಲೆ ಹುಡುಕಿದರು. "ಅದು ಪುಟದಲ್ಲಿಲ್ಲ ಕಣಮ್ಮ."

"ಪುಟದಲ್ಲಿರೋದಲ್ಲ. ನಾನು ಕೇಳ್ತಿರೋದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ನನ್ನನ್ನ ಯಾರೂ ಕೇಳಿ ರೂಢಿಯಿಲ್ಲಮ್ಮ," ಎಂದರು. "ಸ್ವಲ್ಪ ತಡಿ. ಹೇಳ್ತೀನಿ."