ಓರೆಯಾಗಿ ಹೆಚ್ಚಿದ ಮೂಲಂಗಿ

ನನ್ನ ಅತ್ತೆ ಚೋಲೆಂಗ್ ಅವರಿಗೆ ಒಬ್ಬರೇ ಕೂತು ಉಣ್ಣುವುದು ಗೊತ್ತೇ ಇಲ್ಲ. ಬಾಗಿಲ ಮುಂದೆ ಯಾರು ಹಾದು ಹೋದರೂ "ಬನ್ನಿ, ಊಟ ಮಾಡಿ" ಎಂದು ಕೂಗುತ್ತಾರೆ. ಫಿಲಿಪ್ಪೀನ್ಸಿನ ನಮ್ಮ ಬತಾಂಗಾಸ್ ಕಡೆ ಎಲ್ಲರೂ ಹಾಗೆ ಕರೆಯುತ್ತಾರೆ, ಕರೆಸಿಕೊಂಡವರು "ಈಗಷ್ಟೇ ಆಯ್ತು" ಎಂದು ಮುಂದೆ ಹೋಗುತ್ತಾರೆ, ಅದು ಮರ್ಯಾದೆ. ಅತ್ತೆ ಮಾತ್ರ ಕೈ ಹಿಡಿದು ಒಳಗೆ ಎಳೆದು ತರುತ್ತಾರೆ. ಬಾರದವರ ಮನೆಗೆ ಬಟ್ಟಲು ಹೋಗುತ್ತದೆ. ಎಳೆ ಹುಣಸೆಕಾಯಿ ಬೇಯಿಸಿ ಹಿಂಡಿ, ಹಂದಿಯ ಪಕ್ಕೆಲುಬು, ಓರೆಯಾಗಿ ಹೆಚ್ಚಿದ ಮೂಲಂಗಿ ಹಾಕಿದ ಅವರ ಸಿನಿಗಾಂಗ್ ಸಾರು ಕುಡಿದರೆ ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಬೇಕು.

ಈ ಸಲ ಅತ್ತೆ ಜ್ವರ ಬಂದು ಎದ್ದ ಮೇಲೆ ಆ ಸಾರು ಕೆಟ್ಟಿತು. ಉಪ್ಪಿಗಿಂತ ರುಚಿ ಇಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ಬಿಟ್ಟರೆ ಬೇರೆ ರುಚಿಯೇ ಉಳಿಯಲಿಲ್ಲ. ಆದರೆ ಹೇಳುವವರು ಯಾರು? ಬೀದಿಗೆ ಬೀದಿಯೇ "ಆಹಾ" ಎಂದಿತು. ಬಟ್ಟಲು ಖಾಲಿ ಕಳಿಸಬಾರದೆಂಬ ರೂಢಿಯಂತೆ, ಅವು ಬಾಳೆಹಣ್ಣೋ ಕಡುಬೋ ಹೊತ್ತುಕೊಂಡು ವಾಪಸು ಬಂದವು. ನಾನು ಅನ್ನ ಹೆಚ್ಚು ಕಲಸಿಕೊಂಡು ನುಂಗಿದೆ.

ಊರಹಬ್ಬಕ್ಕೆ ದೊಡ್ಡ ಪಾತ್ರೆ ಕೇಳಲು ಅತ್ತೆ ಪಕ್ಕದ ಮನೆಯ ಬೆನಿಂಗ್ ಹತ್ತಿರ ಹೋದರು. ಬೆನಿಂಗ್ ಬೀದಿಯ ಮನೆಗಳಲ್ಲಿ ಮಿಕ್ಕಿದ ಊಟವನ್ನೆಲ್ಲ ಬಕೆಟ್ಟಿನಲ್ಲಿ ಕೂಡಿಸಿ ಹಂದಿ ಸಾಕುತ್ತಾರೆ. ಆ ಹಂದಿಯ ತೊಟ್ಟಿಯ ತುಂಬ ಓರೆಯಾಗಿ ಹೆಚ್ಚಿದ ಮೂಲಂಗಿ ತೇಲುತ್ತಿತ್ತು. ನಮ್ಮ ಬೀದಿಯಲ್ಲಿ ಬೇರೆ ಯಾರೂ ಹಾಗೆ ಹೆಚ್ಚುವುದಿಲ್ಲ.

ಅತ್ತೆ ಪಾತ್ರೆ ಕೇಳದೆ ಮನೆಗೆ ಬಂದು ಒಲೆ ಆರಿಸಿದರು.

"ಮಿಂದಾ, ಹಬ್ಬಕ್ಕೆ ಬಾಗಿಲು ಹಾಕ್ಬಿಡು. ಇನ್ಮೇಲೆ ನಾನು ಸೌಟು ಮುಟ್ಟಲ್ಲ" ಎಂದರು ನನಗೆ.

ಹಬ್ಬದ ದಿನ ಗುರುತಿಲ್ಲದವರೂ ಒಳಬಂದು ಉಂಡು ಹೋಗುವ ಊರು ನಮ್ಮದು. ಸಾವಾದ ಮನೆಯಲ್ಲೂ ಬಾಗಿಲು ತೆರೆದೇ ಇರುತ್ತದೆ. ನನಗೆ ಹೆದರಿಕೆಯಾಯಿತು. ಅಡುಗೆ ಬಿಟ್ಟರೆ ಈ ಜೀವ ಉಳಿಯುವುದಿಲ್ಲ.

ಹಿಂದೆಯೇ ಬೆನಿಂಗ್ ಬಂದರು. "ಏನೇ ಚೋಲೆಂಗ್, ಹಂದಿ ಮುಖ ನೋಡಿ ಹೊರಟೇಬಿಟ್ಯಲ್ಲ? ನನ್ನ ಮುಖ ಅದಕ್ಕಿಂತ ಕೆಟ್ಟದಾ?"

"ನಿನ್ನ ಹಂದೀನ ನಾನೇ ಸಾಕ್ತಿದೀನಿ ಅಂತ ಗೊತ್ತಿರ್ಲಿಲ್ಲ."

ಬೆನಿಂಗ್ ಸೊಂಟದ ಮೇಲೆ ಕೈಯಿಟ್ಟರು. "ನಿನ್ನ ಸಾರು ಸಮುದ್ರದ ನೀರು ಕುಡಿದಂಗಿರುತ್ತೆ ಕಣೇ. ಪಾಪ, ಹಂದಿಗೂ ಬಾಯಾರಿಕೆ. ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಯ್ತು."

"ಒಂದು ಮಾತು ಹೇಳಕ್ಕೇನಾಗಿತ್ತು?"

"ನೀನು ಹೇಳಿದ್ಯಾ, ನಾಲಿಗೆ ಸತ್ತಿದೆ ಅಂತ?"

ಅತ್ತೆ ಕುರ್ಚಿಯಲ್ಲಿ ಕುಸಿದರು. "ಹೇಳಿದ್ರೆ ಅಡುಗೆ ಬಿಡು ಅಂತಿದ್ರಿ. ರುಚಿಯಂತೂ ಹೋಯ್ತು. ನೀವು ತಿನ್ನೋದನ್ನ ನೋಡೋದೂ ಹೋದ್ರೆ ನನಗೆ ಇನ್ನೇನು ಉಳಿಯುತ್ತೆ?"

ನನಗೆ ಅಳು ಬಂತು. ಅಳುವ ಬದಲು ಒಲೆ ಹಚ್ಚಿದೆ. ನನ್ನ ಅಡುಗೆಯನ್ನು ಆ ಹಂದಿಯೂ ಮೂಸುವುದಿಲ್ಲ, ಆದರೂ ಹುಣಸೆಕಾಯಿ ಬೇಯಲಿಟ್ಟು ಮೂಲಂಗಿಯನ್ನು ಗುಂಡಗುಂಡಗೆ ಹೆಚ್ಚತೊಡಗಿದೆ. ಅತ್ತೆ ಸ್ವಲ್ಪ ಹೊತ್ತು ಹಲ್ಲು ಕಚ್ಚಿ ನೋಡಿದರು. ಆಮೇಲೆ ಎದ್ದು ಬಂದು ಚಾಕು ಕಿತ್ತುಕೊಂಡರು.

"ಹೀಗಾ ಹೆಚ್ಚೋದು? ಸರ್ಕೋ ಆ ಕಡೆ."

ಸಾರು ಕುದಿಯಿತು. ಸೌಟು ನನ್ನ ಬಾಯಿಗೆ ಬಂತು.

"ಚೆನ್ನಾ—"

"ಮಾತಾಡ್ಬೇಡ. ನಿಮ್ಮೆಲ್ಲರ ಬಾಯಲ್ಲೂ ಬರೀ ಸುಳ್ಳು. ಸುಮ್ನೆ ಕುಡಿ."

ಅತ್ತೆ ನನ್ನ ಕಣ್ಣನ್ನೇ ನೋಡಿದರು. ಎರಡೂ ತೆರೆದೇ ಇದ್ದವು. ಇನ್ನಷ್ಟು ಹುಣಸೆ ಹಿಂಡಿದರು. ಮತ್ತೆ ಸೌಟು. ಈ ಸಲ ನನ್ನ ಎಡಗಣ್ಣು ತಾನಾಗಿ ಮುಚ್ಚಿತು. "ಹಾಂ, ಸಾಕು" ಎಂದರು. ಉಪ್ಪನ್ನು ಬೆನಿಂಗ್ ನೋಡಿದರು, ಬೈಯುತ್ತಲೇ ನೋಡಿದರು.

ಹಬ್ಬದ ದಿನ ಬಾಗಿಲು ತೆರೆದಿತ್ತು. ಹೇಗಿದೆ ಎಂದು ಅತ್ತೆ ಯಾರನ್ನೂ ಕೇಳಲಿಲ್ಲ. ಸೌಟು ಹಿಡಿದು ನಿಂತು, ಬಂದವರ ಕಣ್ಣುಗಳನ್ನೇ ನೋಡುತ್ತಿದ್ದರು.

ಸಂಜೆ ಬೆನಿಂಗ್ ಬಕೆಟ್ ಹಿಡಿದು ಬಂದು ಪಾತ್ರೆಗೆ ಇಣುಕಿದರು. ತಳದಲ್ಲಿ ಮೂಳೆ ಮಾತ್ರ ಇತ್ತು.

"ಇವತ್ತು ನನ್ನ ಹಂದಿಗೆ ಉಪವಾಸ ಕಣೇ!"

ಅತ್ತೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿ ಉಳಿದಿದ್ದ ಹಸಿ ಮೂಲಂಗಿಯನ್ನು ಬಕೆಟ್ಟಿಗೆ ಹಾಕಿದರು, ಖಾಲಿ ಕಳಿಸಬಾರದಲ್ಲ.

"ಉಪ್ಪು ಹಾಕಿಲ್ಲ ಅಂತ ಹೇಳು ಅದಕ್ಕೆ" ಎಂದರು.